ವೆರ್ಣಾದ ದಾರಿಯಲ್ಲಿ ಸಕ್ಕರೆಯ ಲೆಕ್ಕ

ಮಡಗಾಂವಿನಿಂದ ಪಣಜಿಯ ಕಡೆಗೆ ಹೊರಟ ರಾಷ್ಟ್ರೀಯ ಹೆದ್ದಾರಿ 66 ನುವೆಂ ಗ್ರಾಮವನ್ನು ಹಿಂದಿಕ್ಕಿ ಮೇಲೇರತೊಡಗಿದೊಡನೆ ವೆರ್ಣಾ ಎದುರಾಗುತ್ತದೆ. ಸಾಷ್ಟಿ ತಾಲೂಕಿನ ಈ ಗ್ರಾಮಕ್ಕೆ ಎರಡು ಮುಖಗಳು. ಕೆಳಗೆ ಗದ್ದೆ, ತೆಂಗಿನ ತೋಪು, ಹೆಂಚಿನ ಹಳೆಯ ಮನೆಗಳು, ಪವಿತ್ರ ಶಿಲುಬೆಯ ಚರ್ಚು. ಮೇಲೆ ಜಂಬಿಟ್ಟಿಗೆ ಕಲ್ಲಿನ ಬೋಳು ಬಯಲಿನಲ್ಲಿ ಹಬ್ಬಿದ ಕೈಗಾರಿಕಾ ವಸಾಹತು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ಅಂಜಿ ಭಕ್ತರು ಮ್ಹಾಳಸಾ ದೇವಿಯನ್ನು ಇಲ್ಲಿಂದಲೇ ಫೋಂಡಾ ಸೀಮೆಯ ಮಾರ್ದೋಳಕ್ಕೆ ಒಯ್ದರು. ಮೂಲಸ್ಥಾನದಲ್ಲಿ ಈಗ ಮತ್ತೆ ದೇಗುಲ ಎದ್ದು ನಿಂತಿದೆ.

ಬಯಲಿನ ಮೇಲಿನ ವಸಾಹತಿನಲ್ಲಿ ಸಿಪ್ಲಾ, ಲುಪಿನ್ ಮೊದಲಾದ ಔಷಧ ಕಂಪನಿಗಳ ಕಾರ್ಖಾನೆಗಳಿವೆ. ಪಾಳಿ ಬಿಡುವ ಹೊತ್ತಿಗೆ ಇಲ್ಲಿನ ರಸ್ತೆಗಳಲ್ಲಿ ಕೊಂಕಣಿ, ಮರಾಠಿ, ಹಿಂದಿಗಳ ನಡುವೆ ಉತ್ತರ ಕರ್ನಾಟಕದ ಕನ್ನಡವೂ ಕಿವಿಗೆ ಬೀಳುತ್ತದೆ. ಗದಗ, ಕೊಪ್ಪಳ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಘಟ್ಟವಿಳಿದು ಬಂದವರು ಝುವಾರಿನಗರ, ವಾಸ್ಕೋಗಳಲ್ಲಿ ನೆಲೆಸಿ ದುಡಿಯುತ್ತಿರುವುದು ಈ ಪತ್ರಿಕೆಯ ಓದುಗರಿಗೆ ಹೊಸ ಸಂಗತಿಯೇನಲ್ಲ. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಎಂಬ ಗಾದೆ ಘಟ್ಟವಿಳಿದವರಿಗೂ ಸಲ್ಲುತ್ತದೆ. ನಾಲಿಗೆಯ ಮಟ್ಟಿಗಂತೂ ಪೂರ್ತಿಯಾಗಿ ಸಲ್ಲುತ್ತದೆ.

ನಾಲಿಗೆಯ ವಿಷಯಕ್ಕೆ ಇಲ್ಲಿ ಕಾರಣವುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮಧುಮೇಹದ ಪ್ರಮಾಣ ಅತಿ ಹೆಚ್ಚು ಕಂಡುಬಂದ ರಾಜ್ಯ ಗೋವಾ: ವಯಸ್ಕರಲ್ಲಿ ಶೇ. 26.4, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಮಧುಮೇಹದ ಬೆನ್ನಿಗೆ ಬೊಜ್ಜು, ಬೊಜ್ಜಿನ ಬೆನ್ನಿಗೆ ಮೊಣಕಾಲು ನೋವು, ನಿದ್ರೆಯಲ್ಲಿ ಉಸಿರುಗಟ್ಟುವಿಕೆ. ಪಥ್ಯ, ನಡಿಗೆ, ಗುಳಿಗೆ ಎಲ್ಲವೂ ಸೋತಾಗ ಕೆಲವರು ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮೊರೆ ಹೋಗುತ್ತಾರೆ.

ಈ ಚಿಕಿತ್ಸೆಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಜಠರದ ಬೈಪಾಸ್ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. ಇಂದು ರೂಢಿಯಲ್ಲಿರುವ ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ರೂಪಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸ್ಲೀವ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಕತ್ತರಿಸಿ ತೆಗೆದ ಆ ಭಾಗದಲ್ಲೇ. ಆದಕಾರಣ ಮೊದಲ ತಿಂಗಳುಗಳಲ್ಲಿ ಹಸಿವೇ ಮರೆತಂತಾಗುತ್ತದೆ, ತೂಕ ಸರಸರನೆ ಇಳಿಯುತ್ತದೆ. ಆದರೆ ಸಂಜೆ ನಾಲ್ಕಕ್ಕೆ ಚಹಾ ಬೇಡುವ ಅಭ್ಯಾಸ ಜಠರದಲ್ಲಿ ಹುಟ್ಟಿದ್ದಲ್ಲವಾದ್ದರಿಂದ ಕತ್ತರಿಗೆ ಸಿಗುವುದಿಲ್ಲ. ಕಾಲಕ್ರಮದಲ್ಲಿ ಹಸಿವು ಮರಳುವಾಗ ಹಳೆಯ ಅಭ್ಯಾಸ ಬಾಗಿಲಲ್ಲೇ ಕಾದಿರುತ್ತದೆ.

ಇಂಥ ಚಿಕಿತ್ಸೆಗೆ ಒಳಗಾದವನೊಬ್ಬನು ವೆರ್ಣಾದಲ್ಲಿ ಕಳೆಯುವ ದಿನವನ್ನು ಊಹಿಸಿಕೊಳ್ಳಬಹುದು. ಬೆಳಗಿನಲ್ಲಿ ಪೊದೇರನ ಸೈಕಲ್ಲಿನ ಹಾರ್ನು, ಬಿಸಿ ಪಾವ್. ಕಾರ್ಖಾನೆಯ ದಾರಿಯಲ್ಲಿ ಚಹಾದ ಗಾಡಿ, ಭಜಿ, ಬಟಾಟೆವಡೆ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಎಂಟು–ಹತ್ತು ಗ್ರಾಂ; ಪಾಳಿ ಮುಗಿಯುವುದರೊಳಗೆ ಐದು ಲೋಟವಾದರೆ ನಲವತ್ತರಿಂದ ಐವತ್ತು ಗ್ರಾಂ. ಒಳ್ಳೆಯ ಆರೋಗ್ಯಕ್ಕೆ ಇಡೀ ದಿನದಲ್ಲಿ ಸುಮಾರು 25 ಗ್ರಾಂ ಮೀರದಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಬೆಲ್ಲದ ಚಹಾಕ್ಕೂ ಈ ಲೆಕ್ಕದಲ್ಲಿ ವಿನಾಯಿತಿಯಿಲ್ಲ.

ಬೈಪಾಸ್ ಆದವನಿಗೆ ಈ ಸಕ್ಕರೆ ಕೂಡಲೇ ಶಿಕ್ಷೆ ವಿಧಿಸಬಹುದು. ಸಿಹಿ ಒಮ್ಮೆಲೇ ಸಣ್ಣ ಕರುಳಿಗೆ ಧುಮುಕಿ ನೀರನ್ನು ಸೆಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ, ಬೆವರೊಡೆದು, ಹೊಟ್ಟೆ ನುಲಿಯುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಇದರ ಇನ್ನೊಂದು ರೂಪ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಇನ್ಸುಲಿನ್ ಮಿತಿಮೀರಿ ಸುರಿದು ರಕ್ತದ ಸಕ್ಕರೆ ಕುಸಿದು, ಕೈಕಾಲು ನಡುಗುತ್ತವೆ. ಆ ನಡುಕಕ್ಕೆ ಮತ್ತೆ ಸಿಹಿ ತಿಂದರೆ ಆ ಕ್ಷಣಕ್ಕೆ ಸುಧಾರಿಸಿದರೂ, ಅದೇ ಸುತ್ತು ಮರಳಿ ಆರಂಭವಾದೀತು. ಹೀಗೆ ಮೇಲಿಂದ ಮೇಲೆ ಆಗುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಸ್ಲೀವ್ ಆದವರಲ್ಲಿ ಈ ಕಾಟ ಸಾಮಾನ್ಯವಾಗಿ ಕಡಿಮೆ. ಅದು ಅದೃಷ್ಟವೆಂದು ತೋರಿದರೂ ಅಪಾಯ ಅಲ್ಲೇ ಇದೆ. ತಡೆಯುವ ಕಾವಲುಗಾರನಿಲ್ಲದೆ ಸಿಹಿ ಸದ್ದಿಲ್ಲದೆ ಒಳಬರುತ್ತದೆ.

ಕೆಳಗಿನ ಊರಿನ ಆತಿಥ್ಯ ಇನ್ನೊಂದು ಪರೀಕ್ಷೆ. ಕ್ರಿಸ್ಮಸ್ಸಿನಲ್ಲಿ ನೆರೆಮನೆಯಿಂದ ಬರುವ ತಟ್ಟೆಯಲ್ಲಿ ದೋದೋಲ್, ಕುಲ್ಕುಲ್, ಪೇರಲ ಹಣ್ಣಿನ ಪೆರಾದ್, ತೆಂಗಿನ ಹಾಲು, ಮೊಟ್ಟೆಯ ಹಳದಿ, ತುಪ್ಪ, ಸಕ್ಕರೆಗಳನ್ನು ಪದರ ಪದರವಾಗಿ ಬೇಯಿಸಿದ ಬೆಬಿಂಕಾ. ಈ ಬೆಬಿಂಕಾಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಮ್ಮ ಧಾರವಾಡ ಪೇಢೆಗೂ ಆ ಮನ್ನಣೆಯುಂಟು. ಊರಿಗೆ ಹೋಗಿ ಬಂದವರ ಚೀಲದಲ್ಲಿ ಪೇಢೆ, ಕುಂದಾ, ಕರದಂಟು ಇದ್ದೇ ಇರುತ್ತವೆ. ‘ಒಂದು ತುಣುಕು ತಿಂದರೆ ಏನಾಗುತ್ತದೆ, ಬಾಯಿ ಸಿಹಿ ಮಾಡಿಕೊಳ್ಳಿ’ ಎನ್ನುವವರ ಮನಸ್ಸಿನಲ್ಲಿ ಪ್ರೀತಿಯಿದೆ. ಆದರೆ ಹತ್ತು ಮನೆಯ ಒಂದೊಂದು ತುಣುಕು ಸೇರಿ ಒಂದು ತಟ್ಟೆಯಾಗುತ್ತದೆ. ಬೇಸಿಗೆಯಲ್ಲಿ ತಂಪು ಪಾನೀಯದೊಡನೆ ಬೆರೆಸಿ ಕೊಡುವ ಉರ್ರಾಕ್ ಇನ್ನೂ ಕಠಿಣ: ಚಿಕಿತ್ಸೆಯ ನಂತರ ಮದ್ಯ ಬೇಗ ರಕ್ತಕ್ಕೇರುತ್ತದೆ, ತಿನ್ನುವ ಚಟ ಕುಡಿಯುವ ಚಟವಾಗಿ ಮಾರ್ಪಟ್ಟ ಪ್ರಸಂಗಗಳೂ ವೈದ್ಯಲೋಕಕ್ಕೆ ಪರಿಚಿತ.

ಅಚ್ಚರಿಯೆಂದರೆ, ಘಟ್ಟದ ಮೇಲಿನ ಹಳೆಯ ಊಟವೆಲ್ಲವೂ ಇಲ್ಲಿ ಶತ್ರುವಲ್ಲ. ಮೆತ್ತಗಿನ ಪಥ್ಯದ ವಾರಗಳು ಮುಗಿದು ವೈದ್ಯರ ಅನುಮತಿ ದೊರೆತ ಮೇಲೆ, ಮಡಕಿಕಾಳಿನ ಪಲ್ಯ, ಮೊಸರು, ಮೊಟ್ಟೆ, ಗೋವೆಯ ಮೀನು ಮೊದಲ ತುತ್ತುಗಳಾಗಬೇಕು. ಜೋಳದ ರೊಟ್ಟಿಯ ಸಣ್ಣ ತುಂಡು ಅವುಗಳ ಹಿಂದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಎಂಬುದು ಸಾಮಾನ್ಯ ಸೂತ್ರ. ಚೆನ್ನಾಗಿ ಅಗಿಯಬೇಕು, ಊಟದೊಡನೆ ನೀರು ಕುಡಿಯಬಾರದು, ಜೀವಸತ್ವದ ಗುಳಿಗೆಗಳನ್ನು ಬಿಡಬಾರದು. ಮೋಸ ಮಾಡುವವು ಬಿಸ್ಕೀಟು, ಖಾರಿ, ಚುರುಮುರಿ, ಐಸ್‌ಕ್ರೀಮು. ಅಗಿಯುವ ಮೊದಲೇ ಕರಗಿ ಜಾರುವ ಇವು ಪುಟ್ಟ ಚೀಲವನ್ನು ಎಷ್ಟು ಹೊತ್ತಾದರೂ ತುಂಬಿಸಲಾರವು.

ಕಾನೂನು ಒಂದಿಷ್ಟು ದೂರ ಜೊತೆಗೆ ಬರುತ್ತದೆ. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಒಟ್ಟು ಸಕ್ಕರೆಯನ್ನೂ ಸೇರಿಸಿದ ಸಕ್ಕರೆಯನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು; ‘ಲಿಕ್ವಿಡ್ ಗ್ಲೂಕೋಸ್’, ‘ಇನ್ವರ್ಟ್ ಸಿರಪ್’ ಎಂಬವೂ ಸಕ್ಕರೆಯ ಬಂಧುಗಳೇ. ಆರೋಗ್ಯವಿಮೆಯ ಪ್ರಮಾಣಿತ ಷರತ್ತಿನಂತೆ ದೇಹತೂಕದ ಸೂಚ್ಯಂಕ 40 ಅಥವಾ ಅದಕ್ಕೂ ಮೇಲಿದ್ದರೆ, ಇಲ್ಲವೇ ತೀವ್ರ ತೊಡಕುಗಳ ಸಹಿತ 35 ತಲುಪಿದ್ದರೆ ವೈದ್ಯರ ಸಲಹೆಯ ಮೇರೆಗೆ ಶಸ್ತ್ರಚಿಕಿತ್ಸೆ ವಿಮೆಗೆ ಒಳಪಡಬಹುದು. ಆದರೆ ಮುಂದಿನ ವರ್ಷಗಳ ಊಟದ ತಟ್ಟೆಯನ್ನು ಯಾವ ಪಾಲಿಸಿಯೂ ಕಾಯದು.

ಅದನ್ನು ಕಾಯಬೇಕಾದವರು ಮನೆಯವರು, ಗೆಳೆಯರು, ಗಾಡಿಯ ಬಳಿ ಜೊತೆಗೆ ನಿಲ್ಲುವ ಸಹೋದ್ಯೋಗಿಗಳು. ಚಿಕಿತ್ಸೆಯಾದವನು ತಟ್ಟೆಯನ್ನು ಮೆಲ್ಲನೆ ಸರಿಸಿದಾಗ ಕಾರಣ ಕೇಳದಿರುವುದು, ‘ಇಷ್ಟು ಖರ್ಚು ಮಾಡಿಯೂ ತೂಕ ಮತ್ತೆ ಏರಿತಲ್ಲ’ ಎಂದು ಹಂಗಿಸದಿರುವುದು, ಅವನಿಗೆಂದು ಸಕ್ಕರೆಯಿಲ್ಲದ ಒಂದು ಲೋಟ ಚಹಾ ಹೇಳುವುದು: ವೆರ್ಣಾದ ಬಯಲಿನಲ್ಲಾಗಲಿ ಘಟ್ಟದ ಮೇಲಿನ ಊರಿನಲ್ಲಾಗಲಿ ಇಷ್ಟು ಆತಿಥ್ಯ ಯಾರಿಗೂ ಭಾರವಾಗದು.