ಸರ್ಚ್‌ನಲ್ಲಿ ಸಿಗದ ವಾನ್ಹಲ್

ನಿಮ್ಮ ಮ್ಯೂಸಿಕ್ ಆ್ಯಪ್‌ನಲ್ಲಿ ಯಾನ್ ವಾನ್ಹಲ್ ಅನ್ನೋ ಸಂಗೀತಗಾರನನ್ನು ಒಮ್ಮೆ ಹುಡುಕಿ ನೋಡಿ. ಒಂದು ಆಲ್ಬಮ್ಮಿನಲ್ಲಿ ಅವನ ಹೆಸರು ಇಂಗ್ಲಿಷಿನ ‘ವಿ’ ಅಕ್ಷರದಿಂದ ಶುರುವಾಗುತ್ತದೆ, ಇನ್ನೊಂದರಲ್ಲಿ ‘ಡಬ್ಲ್ಯು’ನಿಂದ. ಕೆಲವು ಕಡೆ ‘ಎನ್’ ತಲೆಯ ಮೇಲೊಂದು ಕೊಕ್ಕೆ ಇರುತ್ತದೆ, ಕೆಲವು ಕಡೆ ಇರಲ್ಲ. ಯಾನ್ ಹೋಗಿ ಯೋಹಾನ್ ಆಗಿರುತ್ತಾನೆ. ಮನುಷ್ಯ ಒಬ್ಬನೇ, ಪ್ರೊಫೈಲ್ ಮೂರೋ ನಾಲ್ಕೋ. ಡೇಟಾಬೇಸ್ ಕೆಲಸ ಮಾಡುವವರಿಗೆ ಇದನ್ನು ನೋಡಿದ ತಕ್ಷಣ ಕೈ ತುರಿಸುತ್ತದೆ, ಎಲ್ಲವನ್ನೂ ಒಂದು ಮಾಡಿಬಿಡೋಣ ಅಂತ.

ನನ್ನ ಹೊಟ್ಟೆಪಾಡೇ ಅದು. ಜೆಕ್ ದೇಶದ ಬ್ರ್ನೋ ನಗರದಲ್ಲಿ ನಾಲ್ಕೂವರೆ ವರ್ಷದಿಂದ ಗ್ರಾಹಕರ ದಾಖಲೆಗಳಲ್ಲಿ ಡೂಪ್ಲಿಕೇಟ್ ಹುಡುಕುವ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಹೆಸರಿನ ಕಥೆಯೂ ಹೆಚ್ಚುಕಡಿಮೆ ವಾನ್ಹಲನದ್ದೇ. ತಿಪಟೂರಿನಲ್ಲಿ ನಾನು ಎನ್. ಸುಮಾ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದದ್ದರಿಂದ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿದೆ. ಹಾಗಾಗಿ ಡಾಕ್ಟರ ಬಳಿ, ಬ್ಯಾಂಕಿನಲ್ಲಿ ಎಲ್ಲರೂ ನನ್ನನ್ನು ‘ಪಾನಿ ನಾಗರಾಜ್’ ಅಂತ ಕರೆಯುತ್ತಾರೆ. ಪಾನಿ ಅಂದರೆ ಶ್ರೀಮತಿ. ಜೆಕ್ ಭಾಷೆಯಲ್ಲಿ ಹೆಂಗಸರ ಅಡ್ಡಹೆಸರಿಗೆ ‘ಓವಾ’ ಸೇರಿಸುವ ರೂಢಿ ಇರೋದರಿಂದ ಪಕ್ಕದ ಮನೆಯ ಅಜ್ಜಿಗೆ ನಾನು ‘ನಾಗರಾಜೋವಾ’. ಇದನ್ನು ಹೇಳಿದಾಗ ಅಪ್ಪ ಫೋನಿನಲ್ಲೇ ಕೆಮ್ಮು ಬರುವಷ್ಟು ನಕ್ಕರು.

ವಾನ್ಹಲ್ ನನಗೆ ಸಿಕ್ಕಿದ್ದು ಆಫೀಸಿನಲ್ಲಿ. ಕೋಡ್ ಬರೆಯುವಾಗ ಮಾತಿಲ್ಲದ ಸಂಗೀತ ಬೇಕು ಅಂತ ಮೊಜಾರ್ಟ್ ಹಾಕಿಕೊಂಡಿದ್ದೆ. ಆಲ್ಬಮ್ ಮುಗಿದ ಮೇಲೆ ಆ್ಯಪ್ ತಾನಾಗಿಯೇ ಇನ್ನೊಂದಕ್ಕೆ ಹೋಯಿತು. ವಾನ್ಹಲನ ಜಿ ಮೈನರ್ ಸಿಂಫನಿ, ನುಡಿಸಿದ್ದು ಜರ್ಮನಿಯ ಕನ್ಸರ್ಟೊ ಕೋಲ್ನ್ ತಂಡ. ಇವರು ಆ ಕಾಲದ ಮಾದರಿಯ ವಾದ್ಯಗಳನ್ನೇ ಬಳಸುತ್ತಾರೆ, ಪಿಟೀಲಿನ ದನಿ ಸ್ವಲ್ಪ ಒರಟಾಗಿ, ಹತ್ತಿರದಲ್ಲೇ ಕೇಳಿಸುತ್ತದೆ. ಬಾಗಿಲು ತಟ್ಟುತ್ತಿರುವ ಹಾಗಿತ್ತು. ಟೈಪ್ ಮಾಡೋದು ನಿಲ್ಲಿಸಿ ಫೋನ್ ಎತ್ತಿ ಹೆಸರು ನೋಡಿದೆ.

ಈತ ಹುಟ್ಟಿದ್ದು 1739ರಲ್ಲಿ, ಬೊಹೀಮಿಯಾದ ನೆಖನಿತ್ಸೆ ಎಂಬಲ್ಲಿ. ಇವತ್ತಿನ ಜೆಕ್ ದೇಶದ ಪಶ್ಚಿಮದ ದೊಡ್ಡ ಭಾಗವೇ ಬೊಹೀಮಿಯಾ. ಅಪ್ಪ ಅಮ್ಮ ಜಮೀನ್ದಾರನ ಹಿಡಿತದಲ್ಲಿದ್ದ ಜೀತದ ರೈತರು. ಇಂಥವರು ಒಡೆಯನ ಒಪ್ಪಿಗೆ ಇಲ್ಲದೆ ಊರು ಬಿಡುವ ಹಾಗಿರಲಿಲ್ಲ. ಆ ಪದ್ಧತಿ ಅಲ್ಲಿ ರದ್ದಾಗಿದ್ದು 1781ರಲ್ಲಿ. ವಾನ್ಹಲ್ ಅಲ್ಲಿಯವರೆಗೆ ಕಾಯಲಿಲ್ಲ. ಒಬ್ಬ ಶ್ರೀಮಂತ ಮಹಿಳೆ ಅವನ ಪಿಟೀಲು ಕೇಳಿ ವಿಯೆನ್ನಾಕ್ಕೆ ಕರೆದೊಯ್ದಳು. ಅಲ್ಲಿ ದುಡಿದು ಅವನು ತನ್ನ ಬಿಡುಗಡೆಯನ್ನು ದುಡ್ಡು ಕೊಟ್ಟು ಕೊಂಡುಕೊಂಡ. ನಮ್ಮ ಬಾಂಡ್, ನೋಟಿಸ್ ಪೀರಿಯಡ್ ಎಲ್ಲ ಇದರ ಮುಂದೆ ಏನೂ ಅಲ್ಲ ಬಿಡಿ. ಆಮೇಲೆ ಅರಮನೆ ನೌಕರಿಗೂ ಕಟ್ಟಿಕೊಳ್ಳದೆ, ಪಾಠ ಹೇಳಿಕೊಂಡು, ಬರೆದದ್ದನ್ನು ಅಚ್ಚು ಹಾಕಿಸಿಕೊಂಡು ವಿಯೆನ್ನಾದಲ್ಲೇ ಬದುಕಿದ. 1784ರಲ್ಲಿ ಒಂದು ಮನೆಯಲ್ಲಿ ನಾಲ್ಕು ಜನ ಸೇರಿ ಕ್ವಾರ್ಟೆಟ್ ನುಡಿಸಿದ್ದನ್ನು ಐರಿಷ್ ಗಾಯಕ ಮೈಕೆಲ್ ಕೆಲ್ಲಿ ಮುಂದೆ ನೆನಪಿಸಿಕೊಂಡಿದ್ದಾನೆ: ಹೈಡನ್, ಡಿಟ್ಟರ್ಸ್‌ಡಾರ್ಫ್, ಮೊಜಾರ್ಟ್, ಮತ್ತೆ ಚೆಲ್ಲೊ ಹಿಡಿದು ನಮ್ಮ ವಾನ್ಹಲ್.

ಇವನ ಸಿಂಫನಿಗಳು ಮತ್ತೆ ಕೇಳಲು ಸಿಕ್ಕ ಬಗೆ ನನ್ನಂಥವಳಿಗೆ ರೋಮಾಂಚನ. ಆಗ ಸಿಂಫನಿಗಳು ಹೆಚ್ಚಾಗಿ ಕೈಬರಹದಲ್ಲೇ ಓಡಾಡುತ್ತಿದ್ದವು. ಅದೂ ಇಡೀ ಕೃತಿ ಒಟ್ಟಿಗೆ ಅಲ್ಲ, ಪಿಟೀಲಿನವನಿಗೆ ಒಂದು ಹಾಳೆ, ಹಾರ್ನಿನವನಿಗೆ ಇನ್ನೊಂದು. ಪ್ರತಿಗಳು ಮಠಗಳಲ್ಲಿ, ಅರಮನೆಗಳಲ್ಲಿ ಚದುರಿ ಹೋಗಿದ್ದವು. ನಕಲು ಮಾಡುವವರು ಎಷ್ಟೋ ಸಲ ವಾನ್ಹಲನದ್ದರ ಮೇಲೆ ಹೈಡನ್ ಅಂತ ಬರೆದುಬಿಡುತ್ತಿದ್ದರು, ಆ ಹೆಸರಿಗೆ ಮಾರ್ಕೆಟ್ ಇತ್ತಲ್ಲ. ಪಾಲ್ ಬ್ರಯನ್ ಎಂಬ ವಿದ್ವಾಂಸ ಇವನ್ನೆಲ್ಲ ತಾಳೆ ನೋಡಿ ಪಟ್ಟಿ ಮಾಡಿದ. ಈಗ ರೆಕಾರ್ಡಿಂಗ್‌ಗಳ ಮೇಲೆ ಬ್ರಯನ್ ಸಂಖ್ಯೆ ಇರುತ್ತದೆ. ನಮ್ಮ ಭಾಷೆಯಲ್ಲಿ ಅದೇ ಪ್ರೈಮರಿ ಕೀ. 1995ರಲ್ಲಿ ನ್ಯೂಜಿಲೆಂಡಿನ ವಿದ್ವಾಂಸ ಅಲನ್ ಬ್ಯಾಡ್ಲಿ ಮತ್ತು ಹಾಂಗ್‌ಕಾಂಗಿನ ನಕ್ಸೋಸ್ ಕಂಪನಿಯ ಕ್ಲಾಸ್ ಹೇಮನ್ ಸೇರಿ ಆರ್ಟಾರಿಯಾ ಎಡಿಷನ್ಸ್ ಎಂಬ ಪ್ರಕಾಶನ ಶುರುಮಾಡಿದರು. ಹಳೆಯ ಹಾಳೆಗಳನ್ನು ಹೊಂದಿಸಿ ಪೂರ್ತಿ ಪ್ರತಿ ತಯಾರಿಸೋದು, ನಕ್ಸೋಸ್ ಅದನ್ನು ರೆಕಾರ್ಡ್ ಮಾಡೋದು. ಬೊಹೀಮಿಯಾದ ರೈತನ ಮಗನನ್ನು ಭೂಮಿಯ ಆ ಕಡೆಯ ತುದಿಯವರು ಜೋಡಿಸಿ ಕೊಟ್ಟರು.

ಒಬ್ಬನನ್ನು ಹಿಡಿದರೆ ಉಳಿದವರು ಸಾಲಾಗಿ ಬಂದರು. ಬ್ರ್ನೋದಿಂದ ಪ್ರಾಗ್‌ಗೆ ಹೋಗುವ ನಿಧಾನದ ರೈಲೊಂದಿದೆ. ಬೇಗ ತಲುಪಬೇಕಾದವರು ಅದನ್ನು ಹತ್ತುವುದಿಲ್ಲ. ನನಗೆ ಈಗ ಅದೇ ಇಷ್ಟ. ಮೊದಲು ಹಾವ್ಲೀಚ್ಕೂವ್ ಬ್ರೋದ್ ಸ್ಟೇಷನ್ ಬರುತ್ತದೆ. 1717ರಲ್ಲಿ ಯಾನ್ ಸ್ತಾಮಿತ್ಸ್ ಹುಟ್ಟಿದ ಊರು. ಜರ್ಮನಿಯ ಮಾನ್‌ಹೈಮ್‌ಗೆ ಹೋಗಿ ಯುರೋಪೇ ಮಾತಾಡಿಕೊಳ್ಳುವಂಥ ಆರ್ಕೆಸ್ಟ್ರಾ ಕಟ್ಟಿದ ಮನುಷ್ಯ. ಮುಂದೆ ಚಾಸ್ಲಾವ್. ಪಿಯಾನೊ ವಾದಕ ಯಾನ್ ದುಸೀಕ್ ಅಲ್ಲಿಯವನು. ಅವನ ಅಪ್ಪ ಊರಿನ ಮೇಷ್ಟ್ರು, ಚರ್ಚಿನ ಆರ್ಗನ್ ನುಡಿಸುವವನೂ ಅವನೇ. 1772ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬರ್ನಿ ಈ ನಾಡಿನ ಸಂಗೀತದ ಗುಟ್ಟೇನು ಅಂತ ನೋಡಲು ಬಂದಾಗ ಚಾಸ್ಲಾವ್ ಶಾಲೆಗೂ ಹೊಕ್ಕಿದ್ದ. ಆರರಿಂದ ಹನ್ನೊಂದು ವರ್ಷದ ಹುಡುಗ ಹುಡುಗಿಯರು ಓದುತ್ತಾ, ಬರೆಯುತ್ತಾ, ಪಿಟೀಲು, ಓಬೋ, ಬಸೂನ್ ಊದುತ್ತಾ ಉಜ್ಜುತ್ತಾ ಕೂತಿದ್ದರಂತೆ. ಮೇಷ್ಟ್ರ ಮನೆಯ ಸಣ್ಣ ಕೋಣೆಯಲ್ಲಿ ನಾಲ್ಕು ಕ್ಲಾವಿಕಾರ್ಡ್, ನಾಲ್ಕರಲ್ಲೂ ಮಕ್ಕಳು.

ಗುಟ್ಟು ಅಷ್ಟೇ. ಪ್ರತಿ ಊರಿನಲ್ಲೂ ಸಂಗೀತ ಬಲ್ಲ ಮೇಷ್ಟ್ರು. ಆದರೆ ಕಲಿತ ಮಕ್ಕಳಿಗೆ ಕೆಲಸ? 1620ರ ಬಿಳಿ ಬೆಟ್ಟದ ಯುದ್ಧದಲ್ಲಿ ಬೊಹೀಮಿಯಾ ಸೋತ ಮೇಲೆ ಹ್ಯಾಬ್ಸ್‌ಬರ್ಗ್ ದೊರೆಗಳ ಹಿಡಿತ ಬಿಗಿಯಾಯಿತು. ಅವರ ಆಸ್ಥಾನ ವಿಯೆನ್ನಾದಲ್ಲಿ, ಮೇಲಿನವರ ಮಾತು ಜರ್ಮನ್. ಪ್ರತಿಭೆ ಇತ್ತು, ಓಪನಿಂಗ್ ಇರಲಿಲ್ಲ. ಹೊರಟವರು ಹೋದ ಕಡೆಯ ನಾಲಿಗೆಗೆ ತಕ್ಕ ಹಾಗೆ ಹೆಸರು ತಿದ್ದಿಕೊಂಡರು.

ಅದರಲ್ಲಿ ಯಾನ್ ವಾಕ್ಲಾವ್ ಶ್ಟಿಖ್‌ನದು ಸಿನಿಮಾ ಕಥೆ. ಚಾಸ್ಲಾವ್ ಪಕ್ಕದ ಹಳ್ಳಿಯವನು, ತುನ್ ಎಂಬ ಕೌಂಟನ ಜೀತದವನು, ಹಾರ್ನ್ ಊದೋದರಲ್ಲಿ ನಿಸ್ಸೀಮ. ಒಂದು ದಿನ ಓಡಿಹೋದ. ಸಿಕ್ಕರೆ ಮುಂದಿನ ಹಲ್ಲು ಉದುರಿಸಿ, ಮತ್ತೆಂದೂ ಊದಬಾರದು ಅಂತ ಕೌಂಟ್ ಸೈನಿಕರನ್ನು ಅಟ್ಟಿದನಂತೆ. ಇವನು ತಪ್ಪಿಸಿಕೊಂಡು ತನ್ನ ಹೆಸರನ್ನೇ ಇಟಾಲಿಯನ್‌ಗೆ ಅನುವಾದಿಸಿ ಜೊವಾನಿ ಪುಂತೊ ಆದ. ಬೇಥೊವನ್ ತನ್ನ ಹಾರ್ನ್ ಸೊನಾಟಾವನ್ನು ಬರೆದದ್ದು ಈ ಪುಂತೊಗಾಗಿ.

ನನಗೆ ಅತಿ ಇಷ್ಟವಾದವನು ಯೋಸೆಫ್ ಮಿಸ್ಲಿವೆಚೆಕ್. ಪ್ರಾಗ್‌ನ ಅನುಕೂಲಸ್ಥ ಗಿರಣಿಯವನ ಮಗ, ತಾನೂ ಗಿರಣಿ ಕೆಲಸದಲ್ಲಿ ಪಳಗಿದವನು. ಅವಳಿ ತಮ್ಮನಿಗೆ ಗಿರಣಿ ಬಿಟ್ಟು 1763ರಲ್ಲಿ ವೆನಿಸ್‌ಗೆ ಹೊರಟ. ನಾಲ್ಕೇ ವರ್ಷದಲ್ಲಿ ನೇಪಲ್ಸ್‌ನಲ್ಲಿ ಅವನ ಒಪೆರಾ ಗೆದ್ದಿತು. ಇಟಲಿಯವರಿಗೆ ಅವನ ಹೆಸರು ಉಚ್ಚರಿಸಲು ಬರಲಿಲ್ಲ, ‘ಇಲ್ ಬೊಯೆಮೊ’ ಅಂದರು. ಬೊಹೀಮಿಯಾದವನು, ಅಷ್ಟೇ. ನನ್ನ ಮೊದಲ ಟೀಮಿನಲ್ಲಿ ಒಬ್ಬರು ಆರು ತಿಂಗಳು ನನ್ನನ್ನು ‘ಇಂಡಿಯಾದ ಆ ಹುಡುಗಿ’ ಅಂತಲೇ ಕರೆಯುತ್ತಿದ್ದುದು ನೆನಪಾಗುತ್ತದೆ. ಮಿಸ್ಲಿವೆಚೆಕ್ ಹುಡುಗ ಮೊಜಾರ್ಟನಿಗೆ ಸ್ನೇಹಿತನಾಗಿದ್ದ. 1777ರಲ್ಲಿ ಮ್ಯೂನಿಕ್ ಆಸ್ಪತ್ರೆಯಲ್ಲಿ, ಕಾಯಿಲೆಗೆ ಮಾಡಿದ ಚಿಕಿತ್ಸೆಯಲ್ಲಿ ಮೂಗು ಸುಟ್ಟುಹೋಗಿ ಮಲಗಿದ್ದಾಗ ಮೊಜಾರ್ಟ್ ನೋಡಲು ಹೋದ. ಮುಖ ಒಂದು ಬಿಟ್ಟರೆ ಅದೇ ಹಳೆಯ ಉತ್ಸಾಹದ ಮನುಷ್ಯ ಅಂತ ಅಪ್ಪನಿಗೆ ಕಾಗದ ಬರೆದ. ಆ ಸ್ಥಿತಿಯಲ್ಲೂ ಮಿಸ್ಲಿವೆಚೆಕ್ ನೇಪಲ್ಸ್‌ನಲ್ಲಿ ನಿನಗೊಂದು ಒಪೆರಾ ಕೆಲಸ ಕೊಡಿಸುತ್ತೇನೆ ಅಂದಿದ್ದ. ರೆಫರಲ್! ಅದು ಕೈಗೂಡಲಿಲ್ಲ. 1781ರಲ್ಲಿ ರೋಮ್‌ನಲ್ಲಿ ಬಡತನದಲ್ಲಿ ತೀರಿಕೊಂಡ.

ಅವನ ಪಿಟೀಲು ಕನ್ಸರ್ಟೊಗಳನ್ನು ಶಿಜುಕಾ ಇಶಿಕಾವಾ ಎಂಬ ಜಪಾನೀ ಕಲಾವಿದೆ ಜೆಕ್ ಕಂಪನಿ ಸುಪ್ರಾಫೋನ್‌ಗೆ ನುಡಿಸಿದ್ದಾರೆ, ನಡೆಸಿದವರು ಲಿಬೋರ್ ಪೆಶೆಕ್. ನಿಧಾನದ ಭಾಗಗಳನ್ನು ಕೇಳಿ, ಪಿಟೀಲು ಹಾಡುವವರ ಹಾಗೆ ಉಸಿರು ತೆಗೆದುಕೊಳ್ಳುತ್ತದೆ. ಹಾಡೇ ಬೇಕೆಂದರೆ ಬ್ರ್ನೋದ ಮಗಳು ಮಗ್ದಲೇನಾ ಕೊಝೆನಾ ಹಾಡಿದ ‘ಲೆ ಬೆಲ್ಲೆ ಇಮ್ಮಾಜಿನಿ’ ಆಲ್ಬಮ್ಮಿನಲ್ಲಿ ಇವನು ಗ್ಲುಕ್, ಮೊಜಾರ್ಟ್ ಜೊತೆ ಸಮಸಮವಾಗಿ ಕೂತಿದ್ದಾನೆ. 2022ರ ‘ಇಲ್ ಬೊಯೆಮೊ’ ಸಿನಿಮಾ ಇವನ ಬದುಕಿನದ್ದೇ. ಅದಕ್ಕೆ ಪ್ರಾಗ್‌ನ ಕೊಲೇಗಿಯುಮ್ 1704 ತಂಡ ನುಡಿಸಿದೆ.

ಇಲ್ಲಿ ಒಂದು ತಕರಾರು. ಇವರ ರೆಕಾರ್ಡಿಂಗ್‌ಗಳನ್ನು ಮಾರುವಾಗ ಸಾಮಾನ್ಯವಾಗಿ ಮೊಜಾರ್ಟನ ಹೆಸರು ಅಂಟಿಸಿಯೇ ಮಾರುತ್ತಾರೆ. ಲಂಡನ್ ಮೊಜಾರ್ಟ್ ಪ್ಲೇಯರ್ಸ್ ತಂಡ ಚಾಂಡೋಸ್ ಕಂಪನಿಗೆ ಮಾಡಿದ ಒಳ್ಳೆಯ ಸರಣಿ ಒಂದಿದೆ. ಕೊಝೆಲುಹ್, ವಾನ್ಹಲ್ ಎಲ್ಲ ಇದ್ದಾರೆ, ನುಡಿಸಿದ್ದೂ ಚೆನ್ನಾಗಿದೆ. ಸರಣಿಯ ಹೆಸರು ಮಾತ್ರ ‘ಮೊಜಾರ್ಟನ ಸಮಕಾಲೀನರು’. ಮೊಜಾರ್ಟ್ ದೊಡ್ಡವನಲ್ಲ ಅಂತ ನಾನು ಹೇಳುತ್ತಿಲ್ಲ. ಅವನೊಡನೆ ತೂಗಿಕೊಂಡೇ ಕೇಳಿದರೆ ವಾನ್ಹಲ್ ಯಾವಾಗಲೂ ನಾಲ್ಕು ಮಾರ್ಕ್ಸ್ ಕಡಿಮೆ ತೆಗೆದ ಪಕ್ಕದ ಮನೆಯ ಹುಡುಗನಾಗಿಯೇ ಉಳಿಯುತ್ತಾನೆ. ಅವನನ್ನೇ ಒಂದು ವಾರ ಕೇಳಿ ನೋಡಿ, ಹೋಲಿಕೆ ತಾನಾಗಿ ಬಿಟ್ಟುಹೋಗುತ್ತದೆ.

ಕರ್ನಾಟಕ ಸಂಗೀತದ ಕಿವಿ ಇದ್ದವರಿಗೆ ಅಂತೊನಿನ್ ರೇಖಾ ಒಳ್ಳೆಯ ಬಾಗಿಲು. (ಉಚ್ಚಾರ ಹೆಚ್ಚುಕಡಿಮೆ ಹಾಗೇ ಇದೆ. ಅಮ್ಮ ಸಿನಿಮಾ ನಟಿ ಅಂದುಕೊಂಡಿದ್ದಳು.) ಪ್ರಾಗ್‌ನಲ್ಲಿ 1770ರಲ್ಲಿ ಹುಟ್ಟಿದ, ಅಂದರೆ ನಮ್ಮ ತ್ಯಾಗರಾಜರಿಗಿಂತ ಮೂರು ವರ್ಷ ಚಿಕ್ಕವನು. ಪ್ಯಾರಿಸ್‌ನಲ್ಲಿ ಮೇಷ್ಟ್ರಾಗಿ ಬೆರ್ಲಿಯೋಸ್, ಲಿಸ್ಟ್‌ಗೆ ಪಾಠ ಹೇಳಿದವನು. ಅವನ 36 ಫ್ಯೂಗ್‌ಗಳಲ್ಲಿ ಒಂದು ಐದು ಎಣಿಕೆಯಲ್ಲಿ ನಡೆಯುತ್ತದೆ. ಆಗಿನ ಯುರೋಪಿಗೆ ಅದು ವಿಚಿತ್ರ, ನಮಗೆ ಖಂಡ ಚಾಪು. ತೊಡೆಯ ಮೇಲೆ ತಾಳ ಹಾಕಿಕೊಂಡೇ ಕೇಳಬಹುದು.

ಹೋಗಿಯೂ ವಾಪಸ್ ಬಂದವನು ಯಾಕುಬ್ ಯಾನ್ ರಿಬಾ. ಪ್ರಾಗ್‌ನಲ್ಲಿ ಓದುತ್ತಾ ಸಂಗೀತದಲ್ಲಿ ಮುಳುಗಿದ್ದವನನ್ನು ಅವನ ಅಪ್ಪ ಮೇಷ್ಟ್ರ ಕೆಲಸ ಖಾಲಿ ಇದೆ ಬಾ ಅಂತ ಕರೆಸಿಕೊಂಡ. ಮಗ ಬಂದ. ರೊಝ್ಮಿತಾಲ್ ಎಂಬ ಸಣ್ಣ ಊರಿನಲ್ಲಿ ಕೊನೆಯವರೆಗೂ ಮೇಷ್ಟ್ರಾದ. 1796ರಲ್ಲಿ ಅವನು ಬರೆದ ಜೆಕ್ ಕ್ರಿಸ್ಮಸ್ ಮಾಸ್‌ನಲ್ಲಿ ಲ್ಯಾಟಿನ್ ಪ್ರಾರ್ಥನೆಯ ಬದಲು ಜೆಕ್ ಕುರುಬರು ಆಡುಮಾತಿನಲ್ಲಿ ಒಬ್ಬರನ್ನೊಬ್ಬರು ಎಬ್ಬಿಸುತ್ತಾರೆ. ಇವತ್ತಿಗೂ ಡಿಸೆಂಬರ್ ಬಂದರೆ ಊರೂರಿನಲ್ಲಿ ಹಾಡುತ್ತಾರೆ, ರೆಕಾರ್ಡಿಂಗ್‌ಗಳಿಗೂ ಲೆಕ್ಕವಿಲ್ಲ. ಹೆಸರು ಹುಡುಕೋ ಕಷ್ಟವೂ ಇಲ್ಲ, ಊರು ಬಿಡದವನ ಸ್ಪೆಲ್ಲಿಂಗ್ ಒಂದೇ. ಬದುಕು ಮಾತ್ರ ಹಗುರವಾಗಿರಲಿಲ್ಲ. ಬಡತನ, ಪಾದ್ರಿ ಮತ್ತು ಊರಿನ ಅಧಿಕಾರಿಗಳ ಜೊತೆ ಜಗಳ. 1815ರಲ್ಲಿ ಊರ ಹೊರಗಿನ ಕಾಡಿನಲ್ಲಿ ತಾನೇ ಪ್ರಾಣ ಕಳೆದುಕೊಂಡ.

ನನ್ನಪ್ಪನೂ ಮೇಷ್ಟ್ರು. ನಿವೃತ್ತಿಯಾಗುವವರೆಗೂ ಶಾಲೆಯ ಹಾರ್ಮೋನಿಯಂ ಅವರ ಕೈಯಲ್ಲೇ ಇತ್ತು. ಇಲ್ಲಿ ಐದು ವರ್ಷ ತುಂಬಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ನನಗೆ ಇನ್ನು ಆರು ತಿಂಗಳು ಬಾಕಿ. ಅಮ್ಮ ಪ್ರತಿ ಭಾನುವಾರ ಕೇಳುತ್ತಾಳೆ, ಅಪ್ಪ ಕೇಳುವುದಿಲ್ಲ. ಹೋದ ತಿಂಗಳು ರಿಬಾನ ಮಾಸ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅವನ ಕಥೆ ಹೇಳಿದೆ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು.

“ಅವನಪ್ಪ ಕರೀಬಾರದಿತ್ತು ಅಂತೀಯಾ ಪುಟ್ಟಿ?”

“ಹಾಗಲ್ಲಪ್ಪ. ಕರೀದಿದ್ರೆ ಈ ಹಾಡೇ ಇರ್ತಿರಲಿಲ್ಲವೇನೋ.”

“ಹೂಂ,” ಅಂದರು. ಆಮೇಲೆ, “ಆ ಜೀತ ಬಿಡಿಸಿಕೊಂಡವನದ್ದು ಇನ್ನೊಂದು ಸಲ ಕಳಿಸು, ಸರ್ಚ್ ಮಾಡಿದರೆ ಸಿಗ್ತಾ ಇಲ್ಲ.”

ಲಿಂಕ್ ಕಳಿಸಿದೆ. ಕೆಳಗೆ ಅವನ ನಾಲ್ಕೂ ಸ್ಪೆಲ್ಲಿಂಗ್ ಬರೆದೆ.