ಗೋಡೆಯ ಕಿಂಡಿಯಲ್ಲಿ ಧ್ರುವತಾರೆ

ನಮ್ಮ ಶಿರಗುಪ್ಪಿಯ ಹುಡುಗರಿಗೆ ಕಿತ್ತೂರು ಎಂದರೆ ಹುಬ್ಬಳ್ಳಿ ಸರ್ಕಲ್ಲಿನಲ್ಲಿ ಕುದುರೆ ಏರಿ ನಿಂತ ಚನ್ನಮ್ಮ. ಆಕೆ ಬಾಳಿದ ಮನೆ ಹೇಗಿತ್ತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅದಕ್ಕೇ ಒಂದು ಸಲ ಎಂಟನೆಯ ಇಯತ್ತೆಯವರನ್ನು ಕರೆದುಕೊಂಡು ಹೋದೆ.

ಧಾರವಾಡ ದಾಟಿ ಬೆಳಗಾವಿಯತ್ತ ಸುಮಾರು 30 ಕಿ.ಮೀ. ಕೋಟೆಯೊಳಗೆ ಕಾಲಿಟ್ಟ ಕೂಡಲೇ ಹುಡುಗರು ಸಪ್ಪಗಾದರು. ಮೈಸೂರಿನ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು! ಇಲ್ಲಿ ಮಾಳಿಗೆಯಿಲ್ಲ, ಕದವಿಲ್ಲ. ಉಳಿದದ್ದು ಮೋಟು ಗೋಡೆಗಳು. ಆದರೆ ಗೋಡೆಯ ಜಾಡು ಹಿಡಿದು ನಡೆದರೆ ಇಡೀ ಮನೆ ತಿಳಿಯುತ್ತದೆ. ಪೂರ್ವಕ್ಕೆ ಮುಖ, ದರ್ಬಾರಿನ ಜಾಗ, ಒಳಗೆ ಅಡಿಗೆಮನೆ, ಊಟದ ಸಾಲೆ, ಬಚ್ಚಲು, ಬಾವಿ, ನೀರು ಹರಿದುಹೋಗಲು ಕಾಲುವೆ. ಕಟ್ಟಿಸಿದವನು 1660ರಿಂದ 1691ರವರೆಗೆ ಆಳಿದ ಅಲ್ಲಪ್ಪಗೌಡ ಸರದೇಸಾಯಿ. ತೇಗದ ಕಂಬಗಳ ಆ ವೈಭವ 1824ರ ಡಿಸೆಂಬರಿನಲ್ಲಿ ಇಂಗ್ಲಿಷರು ಕೋಟೆ ಹಿಡಿದ ಮೇಲೆ ಹಾಳಾಯಿತು.

ನಾನು ನಿಂತುಬಿಟ್ಟದ್ದು ಗೋಡೆಯಲ್ಲಿರುವ ಒಂದು ದುಂಡು ಕಿಂಡಿಯ ಮುಂದೆ. ಧ್ರುವ ನಕ್ಷತ್ರ ನೋಡಲು ಮಾಡಿದ ಕೊಳವೆ ಇದು. ಒಬ್ಬ ಹುಡುಗ ಕಣ್ಣಿಟ್ಟು, "ಸರ, ಬರೇ ಆಕಾಶ ಕಾಣ್ತೈತ್ರಿ" ಅಂದ. ಹಾಡುಹಗಲು, ಮತ್ತೇನು ಕಂಡೀತು?

ಅಲ್ಲಿಯೇ ಪಾಠ ಶುರುವಾಯಿತು. ಧ್ರುವತಾರೆ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಯೋ ಹೆಚ್ಚುಕಡಿಮೆ ಅದೇ ಆ ಊರಿನ ಅಕ್ಷಾಂಶ. ಕಿತ್ತೂರಿನದು ಸುಮಾರು 15.6 ಡಿಗ್ರಿ. ಕಿಂಡಿಯಲ್ಲಿ ತಾರೆ ಕಾಣಬೇಕಾದರೆ ಕೊಳವೆ ಉತ್ತರಕ್ಕೆ ತಿರುಗಿ ಅಷ್ಟೇ ಓರೆಯಾಗಿರಬೇಕು. ಪುಸ್ತಕ ಹಿಡಿಯದ ಗೌಂಡಿಯ ಕೈಗೆ ಈ ಲೆಕ್ಕ ಹೇಗೆ ಬಂತು? ರಾತ್ರಿ ಕೂತು, ನೋಡಿ ನೋಡಿಯೇ ಕಟ್ಟಿರಬೇಕು ಎಂದು ನನ್ನ ಊಹೆ. ಇನ್ನೊಂದು ಮಾತು: ಭೂಮಿಯ ಅಕ್ಷ ಬುಗುರಿಯಂತೆ ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. ಹಾಗಾಗಿ ಅಲ್ಲಪ್ಪಗೌಡನ ಕಾಲದಲ್ಲಿ ಧ್ರುವತಾರೆ ನಿಜವಾದ ಧ್ರುವದಿಂದ ಸುಮಾರು ಎರಡೂವರೆ ಡಿಗ್ರಿ ದೂರವಿತ್ತು. ಈಗ ಮುಕ್ಕಾಲು ಡಿಗ್ರಿಗೂ ಕಡಿಮೆ. "ಕದಲದ ಚುಕ್ಕಿ" ಆಗ ಇನ್ನೂ ದೊಡ್ಡ ಸುತ್ತು ಹಾಕುತ್ತಿತ್ತು.

ಪಾಲಕರು ಮನೆಯ ಮಾಳಿಗೆ ಮೇಲೆಯೇ ಇದನ್ನು ಮಾಡಿಸಬಹುದು. ಕೋನಮಾಪಕದ ನಡುವಿಗೆ ದಾರ ಕಟ್ಟಿ, ತುದಿಗೆ ಒಂದು ಕಲ್ಲು ತೂಗುಬಿಟ್ಟರೆ ಸಾಕು. ಮೋಡವಿಲ್ಲದ ರಾತ್ರಿ, ಉತ್ತರಕ್ಕೆ ಗಿಡಮರ ಅಡ್ಡವಿರಬಾರದು. ಕಿಂಡಿಯಲ್ಲಿ ಬರೇ ಆಕಾಶ ಕಂಡ ಆ ಹುಡುಗ ಮರುವಾರ ಚೀಟಿಯಲ್ಲಿ 17 ಡಿಗ್ರಿ ಎಂದು ಬರೆದು ತಂದ. ಶಿರಗುಪ್ಪಿಯದು ಹದಿನೈದೂವರೆಯ ಆಸುಪಾಸು. ದಾರ ಗಾಳಿಗೆ ಅಲುಗಾಡಿತಂತೆ. ಈ ಸಲ ಅಪ್ಪನನ್ನು ಕೂಡಿಸಿಕೊಂಡು ಮತ್ತೆ ಅಳೆಯುತ್ತೇನೆ ಅಂದ.