ಎರಡು ದಿನದ ಬೆಂಗಳೂರು



ಈ ಪ್ರವಾಸ ಶುರುವಾದದ್ದು ಅಮೆರಿಕದಿಂದ. ನಗಬೇಡಿ, ನಿಜವಾಗಿಯೂ ಹಾಗೇ ಆಯಿತು.

ನಮ್ಮ ಯುವಕೂಟದಲ್ಲಿ ಹಿಂದೆ ಕೀಬೋರ್ಡ್ ನುಡಿಸುತ್ತಿದ್ದ ಅಣ್ಣ ಒಬ್ಬರು ಈಗ ಡಲ್ಲಾಸಿನಲ್ಲಿದ್ದಾರೆ. ಸೆಪ್ಟೆಂಬರಿನ ಮೊದಲ ಸೋಮವಾರ ಅಲ್ಲಿ ಕಾರ್ಮಿಕರ ದಿನದ ರಜೆ. ಶನಿವಾರ, ಭಾನುವಾರ ಸೇರಿಸಿಕೊಂಡರೆ ಮೂರು ದಿನ. ಅಷ್ಟರಲ್ಲೇ ಅವರು ವಿಮಾನದಲ್ಲಿ ನ್ಯೂಯಾರ್ಕಿಗೆ ಹೋಗಿ ನೋಡಿಕೊಂಡು ಬಂದರು. ದೋಣಿಯ ಮೇಲಿಂದ ತೆಗೆದ ಸ್ವಾತಂತ್ರ್ಯ ದೇವಿಯ ಪ್ರತಿಮೆ, ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳು, ಐದನೇ ಅವೆನ್ಯೂದಲ್ಲಿರುವ ಸಂತ ಪ್ಯಾಟ್ರಿಕ್ಕರ ಪ್ರಧಾನಾಲಯ, ಎಲ್ಲಾ ಫೋಟೋ ನಮ್ಮ ವಾಟ್ಸಾಪ್ ಗುಂಪಿಗೆ ಬಂದವು. ಅದಕ್ಕೂ ಹಿಂದಿನ ವರ್ಷ ಷಿಕಾಗೋ ನೋಡಿದ್ದರು. ಅಲ್ಲಿನವರು ಹೀಗೆಯೇ ಮಾಡುತ್ತಾರಂತೆ: ಎರಡು ಮೂರು ದಿನ ರಜೆ ಸಿಕ್ಕರೆ ಒಂದು ದೊಡ್ಡ ಊರು ಹಿಡಿದು, ಕಾಲು ಸೋಲುವವರೆಗೂ ತಿರುಗಿ, ಸೋಮವಾರ ರಾತ್ರಿ ಮನೆ ಸೇರುವುದು.

ಫೋಟೋಗಳ ಕೆಳಗೆ ನಮ್ಮಲ್ಲೊಬ್ಬ ಬರೆದ: "ಅಣ್ಣಾ, ನಾವು ಯಾವಾಗ ಹೋಗಾದು?" ಅವರು ಉತ್ತರ ಕೊಟ್ಟರು: "ನ್ಯೂಯಾರ್ಕ್ ಇರಲಿ, ನೀವು ಬೆಂಗಳೂರಾದ್ರೂ ನೋಡೀರೇನು?"

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಕೈ ಎತ್ತಿಸಿ ಕೇಳಿದೆವು. ಬೆಂಗಳೂರಿಗೆ ಹೋದವರು ಬಹಳ ಮಂದಿ. ನೋಡಲಿಕ್ಕೆಂದು ಹೋದವರು ಇಬ್ಬರೇ, ಅದರಲ್ಲೂ ಒಬ್ಬಳು ನರ್ಸಿಂಗ್ ಸೀಟಿಗೆ ಹೋದವಳು. ಉಳಿದವರೆಲ್ಲ ಹೋದದ್ದು ದುಡಿಯಲಿಕ್ಕೆ, ಇಲ್ಲವೇ ದುಡಿಯುವ ಅಪ್ಪ ಅವ್ವನ ಹಿಂದೆ.

ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಸುಗ್ಗಿ ಎಂದರೆ ಬೆಳೆ ಮನೆಗೆ ಬರುವ ಕಾಲ, ಸಂತೋಷದ ಕಾಲ. ನಮ್ಮ ಆದೋನಿ, ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಕಡೆ "ಸುಗ್ಗಿಗೆ ಹೋದ್ರು" ಅಂದರೆ ಮನೆಗೆ ಬೀಗ ಹಾಕಿ ದುಡಿಯಲು ಬೇರೆ ಊರಿಗೆ ಹೋದರು ಎಂದು ಅರ್ಥ. ಮಳೆ ಕೈಕೊಟ್ಟ ವರ್ಷ ಗುಂಟೂರು ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಾರೆ. ಕಟ್ಟಡದ ಕೆಲಸಕ್ಕಾದರೆ ಬೆಂಗಳೂರು. ಹತ್ತಿ ವ್ಯಾಪಾರದಿಂದ ಆದೋನಿಗೆ ಎರಡನೇ ಬಾಂಬೆ ಎಂಬ ಹೆಸರು ಬಂದಿದೆ, ಸರಿ. ಆದರೆ ಹತ್ತಿ ಬೆಳೆಯುವ ಊರುಗಳೇ ಹತ್ತಿ ಬಿಡಿಸಲು ಬೇರೆ ಜಿಲ್ಲೆಗೆ ಹೋಗುವುದು ಯಾವ ಬಾಂಬೆಯ ಲೆಕ್ಕವೋ ನಮಗೆ ತಿಳಿಯದು.

ಅಂತೂ ತಲೆಗೆ ಸಾವಿರದ ಇನ್ನೂರು ರೂಪಾಯಿ ಎಂದು ತೀರ್ಮಾನವಾಯಿತು. ಫೆಬ್ರವರಿಯ ಮೊದಲ ವಾರದ ಕೊನೆ, ತಪಸ್ಸುಕಾಲಕ್ಕೆ ಮುಂಚೆ. ಇಪ್ಪತ್ತಾರು ಹೆಸರು ಬಂದಿದ್ದವು. ಹೊರಡುವ ಹೊತ್ತಿಗೆ ಹದಿನೈದು ಉಳಿದವು, ಯಾಕೆಂದರೆ ಕ್ರಿಸ್ಮಸ್ ಮುಗಿಸಿ ಹಲವರ ಮನೆಯವರು ಗುಂಟೂರಿಗೆ ಹೋಗಿದ್ದರು, ಕೂಡ ಇವರೂ ಹೋಗಿದ್ದರು. ದೊಡ್ಡವರು ಒಬ್ಬರಾದರೂ ಇರಬೇಕೆಂದು ಫಾದರ್ ಹೇಳಿದ್ದರಿಂದ ನಮ್ಮ ಗೆಳೆಯನೊಬ್ಬನ ಅವ್ವ ಬಂದರು. "ನನಗೆ ಬೆಂಗಳೂರು ಗೊತ್ತೈತಿ ತಗೋರಿ, ಆರು ವರ್ಷ ಇದ್ದೀನಿ" ಎಂದರು. ಅವರನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತೇವೆ.

ಶುಕ್ರವಾರ ರಾತ್ರಿ ಮುಂಬೈಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಉಗ್ಗಾಣಿ. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಎಲ್ಲರ ಬಾಯಲ್ಲೂ ಬೆಳ್ಳುಳ್ಳಿ ವಾಸನೆ.

ಅವ್ವನಿಗೆ ಬೆಂಗಳೂರು ಗೊತ್ತಿದೆ ಎನ್ನುವುದು ಎಷ್ಟು ನಿಜ ಎಂದು ಸ್ಟೇಷನ್ ಬಾಗಿಲಲ್ಲೇ ಗೊತ್ತಾಯಿತು. ಅವರಿಗೆ ಗೊತ್ತಿದ್ದದ್ದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಮತ್ತು ಹೆಬ್ಬಾಳದ ಬಸ್ಸು. ಮೆಟ್ರೋ ಮೆಟ್ಟಿಲಿನ ಮುಂದೆ ನಮ್ಮ ಕೈ ಹಿಡಿದುಕೊಂಡರು. ಬೆಂಗಳೂರಿನಲ್ಲಿ ಮೆಟ್ರೋ ಓಡಲು ಶುರುವಾದದ್ದು 2011ರ ಅಕ್ಟೋಬರಿನಲ್ಲಿ, ಅವ್ವ ಊರಿಗೆ ವಾಪಸ್ಸಾದ ಮೇಲೆ.

ವಿಧಾನಸೌಧ ಹೊರಗಿನಿಂದಲೇ ನೋಡಿದೆವು. 1951ರಲ್ಲಿ ನೆಹರೂ ಅಡಿಗಲ್ಲಿಟ್ಟರು, ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಪೂರ್ತಿ ಕಲ್ಲು. ಜೈಲಿನ ಕೈದಿಗಳೂ ಇದಕ್ಕೆ ದುಡಿದಿದ್ದರು ಎಂದು ನಮ್ಮಲ್ಲಿ ಓದಿಕೊಂಡು ಬಂದಿದ್ದವಳು ಹೇಳಿದಳು. ಅವ್ವ ಬೇಲಿಯ ಕಂಬಿ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟ್ ಮ್ಯಾಲಕ್ಕೆ ಕಲ್ಲು ಹೆಂಗ ಏರಿಸಿದ್ರೋ" ಎಂದರು. ನಾವು ಸೆಲ್ಫಿಯಲ್ಲಿದ್ದೆವು.

ವಿಧಾನಸೌಧದ ಮುಂದೆ ನಿಂತಾಗ ನಮಗೆ ಇನ್ನೊಂದು ವಿಚಾರ ಕಾಡಿತು. ನಮ್ಮ ತಾತಂದಿರು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಮನೆ ಬದಲಾಯಿಸಲಿಲ್ಲ, ಜಿಲ್ಲೆಯೇ ಬದಲಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಆ ಗೆರೆ ಸ್ವಲ್ಪ ಈಚೆಗೆ ಬಿದ್ದಿದ್ದರೆ ಈ ಕಟ್ಟಡ ನಮ್ಮದೂ ಆಗಿರುತ್ತಿತ್ತು. ಹಾಗೆಂದು ತೆಲುಗು ನಮಗೆ ಪರಕೀಯವಲ್ಲ, ಶಾಲೆ, ಅಂಗಡಿ, ಗೆಳೆತನ ಎಲ್ಲಾ ಅದರಲ್ಲೇ. ಆದರೆ ಬೆಂಗಳೂರಿನ ಆಟೋದವರು ನಮ್ಮ ಕನ್ನಡ ಕೇಳಿ, "ಆಂಧ್ರದವರಾ? ಕನ್ನಡ ಚೆನ್ನಾಗಿ ಕಲಿತಿದ್ದೀರಿ" ಎಂದು ಹೊಗಳಿದಾಗ ಸಿಟ್ಟೂ ಬಂತು, ನಗುವೂ ಬಂತು.

ಕಬ್ಬನ್ ಪಾರ್ಕಿನ ನೆರಳಲ್ಲಿ ರೊಟ್ಟಿ ತಿಂದೆವು. ಅಲ್ಲಿಂದ ಲಾಲ್‌ಬಾಗ್. ಹೈದರಾಲಿ 1760ರ ಸುಮಾರಿಗೆ ಶುರು ಮಾಡಿದ ತೋಟ, 240 ಎಕರೆ, ನಡುವೆ ಗಾಜಿನ ಮನೆ. ಅಲ್ಲಿಯ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸೆಂದು ಫಲಕ ಹೇಳುತ್ತದೆ. "ಬಂಡೆ ನೋಡಾಕ ಇಷ್ಟ್ ದೂರ ಬರಬೇಕಿತ್ತೇನು, ನಮ್ಮೂರಾಗ ಬಂಡೆ ಬಿಟ್ರ ಏನೈತಿ" ಎಂದು ಒಬ್ಬ ಗೊಣಗಿದ. ಅವನ ಮಾತೂ ಸುಳ್ಳಲ್ಲ. ಆದೋನಿಯ ಕೋಟೆ ಬೆಟ್ಟದ ಬಂಡೆಗಳನ್ನು ನೋಡಿ ಬೆಳೆದವರಿಗೆ ಇದು ಚಿಕ್ಕದೇ. ಸಂಜೆ ಮಾರ್ಕೆಟ್ ಹತ್ತಿರದ ಟಿಪ್ಪು ಅರಮನೆ. ಮರದ ಕಂಬಗಳು, ಬಣ್ಣ ಮಾಸಿದ ಗೋಡೆ. 1786ರಲ್ಲಿ ನಮ್ಮ ಕೋಟೆಗೆ ಮುತ್ತಿಗೆ ಹಾಕಿ ಹಿಡಿದದ್ದು ಇದೇ ಟಿಪ್ಪು. ಹಾಗಾಗಿ ಹಳೇ ಲೆಕ್ಕ ಕೇಳಲು ಬಂದವರಂತೆ ಒಳಗೆ ಹೋದೆವು, ಟಿಕೆಟ್ ಕೊಂಡೇ ಹೋದೆವು.

ರಾತ್ರಿ ಪರಿಚಯದ ಸಿಸ್ಟರುಗಳ ಹಾಸ್ಟೆಲಿನ ಹಾಲಿನಲ್ಲಿ ಮಲಗಿದೆವು. ಚಾಪೆ ಅವರದು, ಸೊಳ್ಳೆಯೂ ಅವರದೇ.

ಭಾನುವಾರ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ ಪೂಜೆ. ಈ ದೇವಾಲಯ 1882ರದು. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ಕರ ಪ್ರಧಾನಾಲಯ ಬಾಗಿಲು ತೆರೆದದ್ದು 1879ರಲ್ಲಿ, ಅಂದರೆ ಮೂರೇ ವರ್ಷ ಹಿರಿಯದು. ಎರಡೂ ಒಂದೇ ತರಹದ ಚೂಪು ಕಮಾನಿನವು. ಅದನ್ನು ಕಟ್ಟಲು ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರು ಪುಡಿಗಾಸು ಕೂಡಿಸಿ ಕೊಟ್ಟಿದ್ದರು. ಇಲ್ಲಿಯೂ ಮೊದಲು ಇದ್ದದ್ದು ತಮಿಳುನಾಡಿನ ಕಡೆಯಿಂದ ಬಂದು ನೆಲೆಸಿದವರ ಚಿಕ್ಕ ಪ್ರಾರ್ಥನಾ ಮಂದಿರ. ನ್ಯೂಯಾರ್ಕ್ ಫೋಟೋ ನೋಡಿ ಬಾಯಿ ಬಿಟ್ಟಿದ್ದ ನಾವು ಇಲ್ಲಿ ಸೀರೆ ಉಟ್ಟ ಮಾತೆಯ ಮುಂದೆ ಮೊಣಕಾಲೂರಿದಾಗ, ಎಲ್ಲೋ ದೂರದ ಊರಿಗೆ ಬಂದ ಹಾಗೆ ಅನಿಸಲಿಲ್ಲ.

ಪೂಜೆ ಕನ್ನಡದಲ್ಲಿ ಆಯಿತು. ನಮ್ಮ ಚರ್ಚಿನಲ್ಲಿ ಪೂಜೆ ತೆಲುಗಿನಲ್ಲಿ. ಕನ್ನಡದಲ್ಲಿ ಪ್ರಾರ್ಥನೆ ಅಂದರೆ ನಮಗೆ ಮನೆಯೊಳಗಿನದು, ಅಜ್ಜಿ ದೀಪ ಹಚ್ಚಿಟ್ಟು ಹೇಳಿಸುವ ಜಪಸರ. ಸಾವಿರ ಜನ ಒಟ್ಟಿಗೆ, ಮೈಕಿನಲ್ಲಿ, ಪರಲೋಕ ಮಂತ್ರವನ್ನು ಕನ್ನಡದಲ್ಲಿ ಹೇಳುವುದನ್ನು ನಾವು ಮೊದಲ ಸಲ ಕೇಳಿದ್ದು ಅಂದು. ನಮ್ಮಜ್ಜಿಯ ಕೆಲವು ಪದಗಳು ಅಲ್ಲಿಯ ಪದಗಳಿಗಿಂತ ಬೇರೆ, ಹಾಗಾಗಿ ಎರಡು ಕಡೆ ತಪ್ಪಿದೆವು.

ಜಗಳ ಆದದ್ದು ಪೂಜೆ ಮುಗಿದ ಮೇಲೆ. ಇದನ್ನು ಬರೆಯಬಾರದು ಎಂದು ಕೆಲವರು ಹೇಳಿದರು. ಬರೆಯಲೇಬೇಕು ಎಂದು ಅವರಿಗಿಂತ ಒಬ್ಬರು ಹೆಚ್ಚು ಮಂದಿ ಹೇಳಿದರು.

ನಮ್ಮ ಪಟ್ಟಿಯ ಪ್ರಕಾರ ಮಧ್ಯಾಹ್ನ ಕಮರ್ಷಿಯಲ್ ಸ್ಟ್ರೀಟ್, ಆಮೇಲೆ ಒಂದು ಮಾಲ್. ಹುಡುಗಿಯರು ಆರು ತಿಂಗಳಿಂದ ದುಡ್ಡು ಕೂಡಿಸಿಟ್ಟಿದ್ದರು. ಆಗ ಅವ್ವ ಮೆಲ್ಲಗೆ, "ಹೆಬ್ಬಾಳದ ಕಡೆ ಒಂದ್ ಸಲ ಹೋಗಿ ಬರಾಣೇನು? ನಾವು ಕಟ್ಟಿದ್ ಬಿಲ್ಡಿಂಗ್ ಐತಿ" ಎಂದರು. ಅವರ ಮಗ ತಲೆ ತಗ್ಗಿಸಿ, "ಅವ್ವಾ, ಸುಮ್ನಿರು. ಇವ್ರೆಲ್ಲ ಅಲ್ಲಿ ಏನ್ ನೋಡ್ತಾರ?" ಎಂದ. ಅವ್ವ ಸುಮ್ಮನಾದರು. ನಮ್ಮಲ್ಲಿ ಕೆಲವರು ಹೋಗೋಣ ಎಂದರು, ಕೆಲವರು ಪಟ್ಟಿ ಪಟ್ಟಿಯೇ ಎಂದರು. ಮಾತು ಬೆಳೆಯಿತು. ಕೊನೆಗೆ ಐದು ಮಂದಿ ಕಮರ್ಷಿಯಲ್ ಸ್ಟ್ರೀಟಿಗೆ ಹೋದರು, ಹತ್ತು ಮಂದಿ ಅವ್ವನ ಜೊತೆ ಬಸ್ ಹತ್ತಿದೆವು. ಮಗ ನಮ್ಮ ಜೊತೆ ಬಂದ, ಆದರೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಆ ದಾರಿಯುದ್ದಕ್ಕೂ ಕಟ್ಟಡಗಳು ಎದ್ದಿವೆ. ಅವ್ವ ಅಲ್ಲಿ ದುಡಿದದ್ದು ಆ ಕಾಲದಲ್ಲೇ. ಬಸ್ ಇಳಿದು ಎರಡು ಸಲ ದಾರಿ ತಪ್ಪಿದೆವು. ಅವ್ವನ ಗುರುತುಗಳು ಬೇವಿನ ಮರ, ಚಹಾದ ಗೂಡಂಗಡಿ, ನೀರಿನ ಟ್ಯಾಂಕರ್ ನಿಲ್ಲುವ ಜಾಗ. ಅವು ಯಾವುವೂ ಈಗ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ಒಂದು ಗೇಟಿನ ಮುಂದೆ ಗಕ್ಕನೆ ನಿಂತು, ತಲೆ ಎತ್ತಿ, ಬೆರಳಿನಲ್ಲಿ ಎಣಿಸಿದರು. ಹದಿನಾಲ್ಕು ಮಾಳಿಗೆ. "ಇದೇ."

ಒಳಗೆ ಬಿಡಲಿಲ್ಲ. ಗೇಟಿನಲ್ಲಿದ್ದ ಹುಡುಗ ಅಸ್ಸಾಮಿನವನು, ನಮಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಯಾರ ಮನೆಗೆ ಎಂದು ಹಿಂದಿಯಲ್ಲಿ ಕೇಳಿದ. ಯಾರ ಮನೆಗೂ ಅಲ್ಲ, ಕಟ್ಟಿದ್ದನ್ನು ನೋಡಲು ಬಂದಿದ್ದಾರೆ ಎಂದು ನಾವು ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ. ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ. ತಪ್ಪು ಅವನದಲ್ಲ, ಕೆಲಸ ಹೋಗುತ್ತದೆ. ಆದರೆ ತನ್ನ ಕುರ್ಚಿ ತಂದು ಗೇಟಿನ ಹೊರಗೆ ಅವ್ವನಿಗೆ ಹಾಕಿದ.

ಅವ್ವ ಕೂಡಲಿಲ್ಲ. ಫುಟ್‌ಪಾತಿನ ಮೇಲೆ ನಿಂತೇ ಹೇಳಿದರು. ಬೆಳಿಗ್ಗೆ ಎಂಟಕ್ಕೆ ಬಾಂಡ್ಲಿ ಹಿಡಿದರೆ ಕತ್ತಲಾಗುವವರೆಗೂ. ಮೌಲ್ಡ್ ಹಾಕುವ ದಿನ ರಾತ್ರಿಯೂ ನಿಲ್ಲುವಂತಿಲ್ಲ, ನಿಂತರೆ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಗಂಡಸರಿಗೆ ಇನ್ನೂರು, ಹೆಂಗಸರಿಗೆ ನೂರಿಪ್ಪತ್ತು. ಆರನೇ ಮಾಳಿಗೆಯಲ್ಲಿ ಅವರ ಕಾಲಿಗೆ ಮೊಳೆ ಹೊಕ್ಕಿತ್ತು. ಎರಡು ಕಟ್ಟಡದ ನಡುವೆ, ಈಗ ಈಜುಕೊಳ ಇರಬಹುದು, ಅಲ್ಲಿ ತಗಡಿನ ಶೆಡ್ಡುಗಳಿದ್ದವು. "ಇವ್ನಿಗೆ ಮೂರು ವರ್ಷ. ಸೊಂಟಕ್ಕ ಸೀರಿ ಹರಕು ಕಟ್ಟಿ ಆ ಕಂಬಕ್ಕ ಕಟ್ಟಿ ಹೋಗ್ತಿದ್ದೆ. ಇಲ್ಲಾಂದ್ರ ಮ್ಯಾಲ ಹತ್ತಿ ಬರ್ತಿದ್ದ."

ಮಗನಿಗೆ ಇದು ಗೊತ್ತಿರಲಿಲ್ಲ. ಅವನು ಏನೂ ಅನ್ನಲಿಲ್ಲ. ಫೋನ್ ತೆಗೆದು, ರಸ್ತೆಯ ಆಚೆಗೆ ಹೋಗಿ, ಕಟ್ಟಡ ಪೂರ್ತಿ ಬರುವಂತೆ ಅವ್ವನನ್ನು ನಿಲ್ಲಿಸಿ ಫೋಟೋ ತೆಗೆದ. ಮೂರು ಸಲ ತೆಗೆದ, ಬಸ್ಸು ಅಡ್ಡ ಬರುತ್ತಿತ್ತು.

"ಆರು ವರ್ಷದಾಗ ಲಾಲ್‌ಬಾಗ್ ನೋಡಿರಲಿಲ್ವಾ ಅವ್ವಾ?" ಎಂದು ನಮ್ಮಲ್ಲೊಬ್ಬಳು ಕೇಳಿದಳು. "ಭಾನುವಾರ ಅರಿವಿ ಒಗೀಬೇಕಿತ್ತಲ್ಲವಾ" ಎಂದರು.

ಪಕ್ಕದ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಏಳುತ್ತಿತ್ತು, ಅಲ್ಲಿಯೂ ತಗಡಿನ ಶೆಡ್ಡುಗಳು. ಮಾತಾಡಿಸಿದರೆ ಯಾದಗಿರಿಯವರು, ರಾಯಚೂರಿನವರು, ಮತ್ತೆ ಕೋಸಿಗಿ ಹತ್ತಿರದ ಒಂದು ಕುಟುಂಬ. ಆ ಹೆಂಗಸು ಅವ್ವನ ಮಾತಿನ ಧಾಟಿ ಕೇಳಿಯೇ ಊರು ಗುರುತಿಸಿದಳು. ನಮ್ಮ ಹತ್ತಿರ ಉಳಿದಿದ್ದ ರೊಟ್ಟಿ ಕೊಟ್ಟೆವು. ಅವಳು ನಮಗೆ ಚಹಾ ಮಾಡಿ ಕೊಡದೆ ಬಿಡಲಿಲ್ಲ, ಹತ್ತು ಮಂದಿಗೆ ಹಾಲು ಸಾಲದೆ ಕರಿ ಚಹಾ. ಅವಳ ಮಗಳು ನಾಲ್ಕನೇ ಕ್ಲಾಸಿನ ನಡುವೆ ಶಾಲೆ ಬಿಟ್ಟು ಬಂದಿದ್ದಾಳೆ. ಯುಗಾದಿಗೆ ಊರಿಗೆ ಬಂದಾಗ ಮತ್ತೆ ಸೇರಿಸುತ್ತೇವೆ ಎಂದಳು. ನಮ್ಮಲ್ಲಿ ಸಂಜೆ ಟ್ಯೂಷನ್ ಹೇಳುವ ಇಬ್ಬರು ಊರಿನ ಹೆಸರು, ಶಾಲೆಯ ಹೆಸರು ಬರೆದುಕೊಂಡಿದ್ದೇವೆ.

ರಾತ್ರಿ ರೈಲಿನಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಐದು ಮಂದಿ ಮತ್ತು ನಾವು ಹತ್ತು ಮಂದಿ ಮೊದಲು ಬೇರೆ ಬೇರೆ ಕುಳಿತೆವು. ಹಿಂದೂಪುರ ದಾಟುವ ಹೊತ್ತಿಗೆ ಕೊಂಡು ತಂದ ಓಲೆ, ಚಪ್ಪಲಿಗಳ ಪ್ರದರ್ಶನ ನಡೆದಿತ್ತು. ಅವ್ವನಿಗೆಂದು ಅವರು ಒಂದು ಶಾಲು ತಂದಿದ್ದರು. ಬಣ್ಣ ಚೆನ್ನಾಗಿದೆ.

ಬೆಳಗಾಗುವ ಮುಂಚೆ ಆದೋನಿಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ತುಂಬ ಗಂಟುಮೂಟೆ, ಪಾತ್ರೆಯ ಚೀಲ, ಮಲಗಿದ ಮಕ್ಕಳು. ಗುಂಟೂರಿನ ಕಡೆ ಹೋಗುವವರು. ಅವರನ್ನು ದಾಟಿಕೊಂಡು ಹೊರಗೆ ಬಂದೆವು.

ಸೋಮವಾರ ಸಂಜೆ ಫೋಟೋಗಳನ್ನೆಲ್ಲ ಗುಂಪಿಗೆ ಹಾಕಿದೆವು. ಡಲ್ಲಾಸಿನ ಅಣ್ಣ ಒಂದೊಂದಕ್ಕೂ ಹೆಬ್ಬೆರಳು ಎತ್ತಿದರು. ಕೊನೆಯದಕ್ಕೆ ಕೇಳಿದರು: "ವಿಧಾನಸೌಧ ಗೊತ್ತಾಯ್ತು, ಲಾಲ್‌ಬಾಗ್ ಗೊತ್ತಾಯ್ತು, ಈ ಕೊನೇ ಬಿಲ್ಡಿಂಗ್ ಯಾವುದ್ರೋ?"

ಅವ್ವನ ಮಗ ಬರೆದ: "ನಮ್ಮವ್ವ ಕಟ್ಟಿದ್ದು."

ಖರ್ಚು ಕಳೆದು ಮುನ್ನೂರ ನಲವತ್ತು ರೂಪಾಯಿ ಉಳಿದಿದೆ, ಯುವಕೂಟದ ಡಬ್ಬಿಯಲ್ಲಿದೆ. ಮುಂದಿನ ಪ್ರವಾಸ ಪಾಸ್ಖ ಹಬ್ಬದ ನಂತರ, ಗುಂಟೂರಿಗೆ ಹೋದವರೆಲ್ಲ ವಾಪಸ್ಸಾದ ಮೇಲೆ. ಹೈದರಾಬಾದೋ ಮುಂಬೈಯೋ ಇನ್ನೂ ತೀರ್ಮಾನವಾಗಿಲ್ಲ. ಈ ಸಲ ಹೆಸರು ಕೊಟ್ಟೂ ಬರಲಾಗದ ಹನ್ನೊಂದು ಮಂದಿಗೆ ಮೊದಲ ಸೀಟು. ನಿಮ್ಮ ಮನೆಯವರು ಅಲ್ಲಿ ಎಲ್ಲಿ ದುಡಿದಿದ್ದರು ಎನ್ನುವುದನ್ನು ಹೆಸರಿನ ಜೊತೆಗೇ ಬರೆದುಕೊಡಿ. ಪಟ್ಟಿಯಲ್ಲಿ ಮೊದಲೇ ಸೇರಿಸುತ್ತೇವೆ, ಆಮೇಲೆ ಜಗಳ ಬೇಡ.